ಮಗುವನ್ನು ಕಿತ್ತೊಯ್ಯುವ ದೃಶ್ಯ

“ಇನ್ಯಾವತ್ತೂ ನಿನ್ನ ಬಿಟ್ಟು ಹೋಗಲ್ಲ ಪುಟ್ಟೀ” ಎಂದು ಸುಮತಿ ಮಗಳಿಗೆ ಮಾತು ಕೊಟ್ಟು ಆರು ವರ್ಷವಾಗಿತ್ತು. ನೈರೋಬಿಯಲ್ಲಿ ಕೆಲಸ ಸಿಕ್ಕಾಗ ನಾಲ್ಕು ವರ್ಷದ ಪ್ರಾರ್ಥನಾಳನ್ನು ಮೈಸೂರಿನಲ್ಲಿ ಅಜ್ಜಿಯ ಬಳಿ ಬಿಟ್ಟು ಬಂದಿದ್ದಳು. ವರ್ಷ ಕಳೆದು ಕರೆತಂದ ದಿನ ಕೊಟ್ಟ ಮಾತು ಅದು.

ಈಗ ಸುಮತಿಯ ಕಚೇರಿ ಮುಚ್ಚುತ್ತಿತ್ತು. ದಕ್ಷಿಣ ಸುಡಾನಿನ ಜೂಬಾದಲ್ಲಿ ಬೇರೆ ಕೆಲಸ ಕಾದಿತ್ತು; ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ. ಹೋಗುವುದೋ ಬಿಡುವುದೋ ಇವತ್ತೇ ತಿಳಿಸಬೇಕು. ಮಗಳಿಗೆ ಇನ್ನೂ ಹೇಳಿರಲಿಲ್ಲ.

ನೈರೋಬಿಯ ವೆಸ್ಟ್‌ಲ್ಯಾಂಡ್ಸ್‌ನ ಹಾಲ್‌ನಲ್ಲಿ ಕನ್ನಡ ಸಂಘದ ನಾಟಕದ ತಾಲೀಮು ನಡೆದಿತ್ತು. ಕೆನಡಾದ ಮೂಲನಿವಾಸಿಗಳ ಮಕ್ಕಳನ್ನು ಸರಕಾರ ಬಲವಂತವಾಗಿ ವಸತಿಶಾಲೆಗಳಿಗೆ ಒಯ್ದ ಕಥೆ. ತಾಯಿ ಸುಮತಿ, ಮಗು ಪ್ರಾರ್ಥನಾ. ಕಿತ್ತೊಯ್ಯುವ ಪೊಲೀಸಿನ ಪಾತ್ರ ಹಲ್ಲಿನ ಡಾಕ್ಟರ್ ಗ್ಯಾವಿನ್‌ನದು. ಅವನು ಮಗುವಿನ ರಟ್ಟೆ ಹಿಡಿದದ್ದೇ ತಡ, ಬಾಯಿಂದ ತಾನಾಗಿ ಸ್ವಾಹಿಲಿಯಲ್ಲಿ “ಪೋಲೆ, ಪೋಲೆ” ಎಂದು ಬಂತು.

“ಪೊಲೀಸು ಸಾರಿ ಕೇಳ್ತಾನೇನ್ರೀ ಡಾಕ್ಟ್ರೇ? ನೀವಿಲ್ಲಿ ಹಲ್ಲು ಕೀಳ್ತಿಲ್ಲ!” ನಿರ್ದೇಶಕ ಗುರುದತ್ತ ಕೂಗಿದ.

“ಅಭ್ಯಾಸಬಲ ಮಾರಾಯ್ರೆ. ಮಕ್ಕಳನ್ನು ಮುಟ್ಟಿದ್ರೆ ಅದೇ ಬರ್ತದೆ.”

ಎರಡನೇ ಸಲ ಗ್ಯಾವಿನ್ ಸರಿಯಾಗಿಯೇ ಎಳೆದ. ಪ್ರಾರ್ಥನಾ ಅಮ್ಮನ ಕೈ ಬಿಟ್ಟು, ತಿರುಗಿಯೂ ನೋಡದೆ ಅವನ ಹಿಂದೆ ನಡೆದುಬಿಟ್ಟಳು.

“ಅಳಬೇಕು ಪುಟ್ಟಾ! ಅಮ್ಮನ್ನ ತಬ್ಕೋ, ಅವ್ರನ್ನ ಕಚ್ಚು, ಒದಿ!”

“ಬಟ್ ಅಂಕಲ್, ಇಫ್ ಐ ಕ್ರೈ, ಅಮ್ಮ ಕಾಂಟ್ ಗೋ ಟು ವರ್ಕ್,” ಎಂದಳು ಹುಡುಗಿ, ಪಾಠ ಒಪ್ಪಿಸುವ ಹಾಗೆ. “ಅಜ್ಜಿ ಟೋಲ್ಡ್ ಮಿ.”

ಸುಮತಿ ನೆಲ ನೋಡುತ್ತ ನಿಂತಳು. ಗುರುದತ್ತ ದನಿ ತಗ್ಗಿಸಿದ: “ಈ ಅಮ್ಮ ಎಲ್ಲಿಗೂ ಹೋಗ್ತಿಲ್ಲ ಕಣಮ್ಮ. ನೀನು ಎಷ್ಟು ಬೇಕಾದ್ರೂ ಅಳಬಹುದು.”

ಮೂರನೇ ಸಲ ಪ್ರಾರ್ಥನಾ “ಅಮ್ಮಾ!” ಎಂದು ಚೀರಿದ್ದಕ್ಕೆ ಹೊರಗಿದ್ದ ಕಾವಲುಗಾರ ಒಳಗೆ ಓಡಿಬಂದ. ಅವಳ ಉಗುರು ಸುಮತಿಯ ತೋಳಿಗಿಳಿದಿತ್ತು. ಗ್ಯಾವಿನ್ ಎಷ್ಟೆಳೆದರೂ ಬರಲಿಲ್ಲ. “ಭೇಷ್! ಇದೇ ಬೇಕಿದ್ದದ್ದು!” ಎಂದು ಗುರುದತ್ತ ಚಪ್ಪಾಳೆ ತಟ್ಟಿದ. ದೃಶ್ಯ ಮುಗಿದರೂ ಮಗು ಹಿಡಿತ ಸಡಿಲಿಸಲಿಲ್ಲ.

ಕಿಲೆಲೆಶ್ವಾದ ಮನೆಗೆ ಹೊರಟ ಟ್ಯಾಕ್ಸಿಯಲ್ಲಿ ಪ್ರಾರ್ಥನಾಳಿಗೆ ನಿದ್ದೆ ಹತ್ತಿತು. ಮಗಳ ತಲೆಯ ಭಾರಕ್ಕೆ ಒಂದು ಕೈ ಜೋಮು ಹಿಡಿದಿತ್ತು. ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಸುಮತಿ ಜೂಬಾದವರಿಗೆ ಬರುತ್ತೇನೆಂದು ಸಂದೇಶ ಕಳಿಸಿದಳು.

ಕೊಟ್ಟ ಮಾತು ಮುರಿಯಿತು.