ಏಲಕ್ಕಿ ಕುಟ್ಟುವ ಗುಂಡು

ಗ್ರೀಸಿನ ವಾಸನೆಯೊಳಗೆ ನನಗೆ ಇವತ್ತಿಗೂ ಏಲಕ್ಕಿಯ ವಾಸನೆ ಬರುತ್ತದೆ.

ಕಾತ್ರಜದ ನಮ್ಮ ಮನೆಯ ಮುಂದೆ ಅಂದು ಮಧ್ಯಾಹ್ನ ಅಪ್ಪ ಹಳೆಯ ಜೀಪಿನ ಕೆಳಗೆ ಮಲಗಿ ಕೆಟ್ಟ ಸ್ಟಾರ್ಟರ್ ಬಿಚ್ಚುತ್ತಿದ್ದ. ತೀರಿಕೊಂಡ ಅವ್ವನ ದಿನಕರ್ಮ ಹಿಂದಿನ ದಿನವಷ್ಟೇ ಮುಗಿದಿತ್ತು.

ಆ ಸ್ಟಾರ್ಟರ್ ಹಟ ಹಿಡಿದಾಗಲೆಲ್ಲ ಅವ್ವ ಅಡುಗೆಮನೆಯಿಂದ ಏಲಕ್ಕಿ ಕುಟ್ಟುವ ಕಬ್ಬಿಣದ ಗುಂಡು ಹಿಡಿದು ಬರುತ್ತಿದ್ದಳು. ಬಾನೆಟ್ಟಿನೊಳಗೆ ಕೈ ಇಳಿಸಿ, ಅದಕ್ಕೆ ಮೆಲ್ಲಗೆ ಬಡಿದು, "ಈಗ ಚಾವಿ ತಿರುವ್ರಿ," ಅನ್ನುತ್ತಿದ್ದಳು. ಗಾಡಿ ಚಾಲೂ ಆಗುತ್ತಿತ್ತು. ಎಲ್ಲಿ ಬಡಿಯಬೇಕೆಂದು ನಾವು ಒಮ್ಮೆಯೂ ಕೇಳಿರಲಿಲ್ಲ. ಅವ್ವನಿಗೇ ಎದೆನೋವು ಬಂದ ದಿನ, ಆಕೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಅಪ್ಪ ಸಿಕ್ಕಸಿಕ್ಕಲ್ಲಿ ಬಡಿದ. ಗಾಡಿ ಜಪ್ಪಯ್ಯ ಅನ್ನಲಿಲ್ಲ.

ಈಗ ಬಿಚ್ಚಿದ ಸ್ಟಾರ್ಟರಿನ ಗ್ರೀಸು ಒರೆಸಿದಾಗ ಒಂದೇ ಜಾಗದಲ್ಲಿ ಸಣ್ಣ ಸಣ್ಣ ತಗ್ಗುಗಳು ಕಂಡವು. ಅಪ್ಪ ಅವುಗಳ ಮೇಲೆ ಹೆಬ್ಬೆರಳಾಡಿಸಿದ.

"ಇಲ್ಲೇ ಬಡೀತಿದ್ಲು ನೋಡು, ನಿಮ್ಮವ್ವ."

ಹೊಸದನ್ನು ಕೂಡಿಸಿ, ಎದ್ದು ಬಂದು, "ತಿರುವು," ಅಂದ. ಸ್ಟೇರಿಂಗಿನ ಮುಂದೆ ಚಾವಿ ಹಿಡಿದು ಕೂತಿದ್ದ ನಾನು ರೂಢಿಯಂತೆ ಅಡುಗೆಮನೆಯ ಬಾಗಿಲು ನೋಡುತ್ತ ಕಾದೆ. ಅಪ್ಪನೂ ಅತ್ತಲೇ ನೋಡುತ್ತಿದ್ದ.

ಆಮೇಲೆ ತಿರುವಿದೆ. ಗಾಡಿ ಮೊದಲ ಸಲಕ್ಕೇ ಚಾಲೂ ಆಯಿತು.

"ಬಂದ್ ಮಾಡು," ಅಂದ ಅಪ್ಪ.