ಹಬಶಿ ಚಪ್ಪಲಿ

"ಇದಲ್ಲ," ಎಂದಳು ಗಂಗುಬಾಯಿ, ಮುಂದಿಟ್ಟ ಜೋಡನ್ನು ಮುಟ್ಟದೆಯೇ.

ಅಂಗಡಿಯವನು ಮತ್ತೊಂದು ತೆಗೆದ. ಅದೂ ಅಲ್ಲ. ಹೈದರಾಬಾದಿನ ಎ.ಸಿ. ಗಾರ್ಡ್ಸ್ ಮೊಹಲ್ಲಾದಲ್ಲಿ ಬೆಳಗಿನಿಂದ ಅವಳು ಹತ್ತಿಳಿದ ಅಂಗಡಿಗಳಲ್ಲೆಲ್ಲ ಪ್ಲಾಸ್ಟಿಕ್ಕು, ರಬ್ಬರು. ಅವಳಿಗೆ ಬೇಕಾದದ್ದು ಹಬಶಿ ಚಪ್ಪಲಿ. ಅಗಲ ತೊಗಲಿನ ಪಟ್ಟಿ, ಪಟ್ಟಿಯ ತುಂಬ ಕೆಂಪು, ಕಪ್ಪು, ಹಳದಿ ಮಣಿ, ನಡುವೆ ಒಂದು ಕವಡೆ.

ಲಾರಿ ಓಡಿಸುತ್ತಿದ್ದ ಗಂಡ ಹಣಮಂತ್ರಾಯ ತೊಗರಿ ಇಳಿಸಿ ಬರುವಾಗ ಮಗಳು ಸುಮಿತ್ರಾಳಿಗೆ ಅಂಥದೊಂದು ಜೋಡು ಇಲ್ಲಿಂದಲೇ ತಂದಿದ್ದ. ಅದಾದ ಮರುವರ್ಷ ತೀರಿಕೊಂಡ. ಅಫಜಲಪುರದ ಸೀಮೆಯಲ್ಲಿ ಬೇರೆ ಯಾರ ಕಾಲಲ್ಲೂ ಅಂಥ ಚಪ್ಪಲಿ ಇರಲಿಲ್ಲ. ಗುಡಿಯ ಮುಂದೆ ಬಿಟ್ಟಿದ್ದರೆ ಒಳಗೆ ಸುಮಿತ್ರಾ ಇದ್ದಾಳೆಂದು ಊರಿಗೆ ಗೊತ್ತಾಗುತ್ತಿತ್ತು. ಮನೆಬಿಟ್ಟ ದಿನವೂ ಅದನ್ನೇ ಮೆಟ್ಟಿಕೊಂಡು ಹೋಗಿದ್ದಳು.

ಅಂಗಡಿಯವನು ಬೇಸತ್ತು ಓಣಿಯ ತುದಿ ತೋರಿಸಿದ.

ಅಲ್ಲಿ ತಗಡಿನ ಮಾಡಿನ ಕೆಳಗೆ ಹುಸೇನಸಾಬ ತೊಗಲು ಕೊಯ್ಯುತ್ತಿದ್ದ. ನಿಜಾಮರ ಕುದುರೆ ಪಡೆಗೆಂದು ಆಫ್ರಿಕಾದಿಂದ ಬಂದ ಹಬಶಿಗಳ ಮೊಮ್ಮಗ. ಅಜ್ಜನ ಕಾಲದ ಮಣಿ ಕೆಲಸವನ್ನು ಬಿಡದೆ ಉಳಿಸಿಕೊಂಡಿದ್ದ. ಅವನಿಗೆ ಕನ್ನಡ ಬಾರದು. ಹೆಂಡತಿ ನಜಮುನ್ನಿಸಾ ಜೇವರ್ಗಿಯವಳು. ತವರಿನ ಕಡೆಯ ಸೀರೆಯ ಉಡಿಗೆ ಕಂಡವಳೇ ಹೊರಗೆ ಬಂದು ಗಂಗುಬಾಯಿಗೆ ನೀರು ಕೊಟ್ಟಳು.

ಮಾಡಲು ವಾರ ಬೇಕೆಂದ ಹುಸೇನಸಾಬ. ಗಂಗುಬಾಯಿ ಅಲ್ಲೇ ನೆಲಕ್ಕೆ ಕುಸಿದು ಅವನ ಕಾಲಿಗೆ ಕೈ ಚಾಚಿದಳು. ಅವನು ಗಾಬರಿಯಾಗಿ ಹಿಂದೆ ಸರಿದ. ನಾಳೆ ಬೆಳಗಿನ ಬಸ್ಸಿಗೆ ಜೋಡು ತನ್ನ ಕೈಯಲ್ಲಿರಬೇಕು, ಇಲ್ಲದಿದ್ದರೆ ಬಂದದ್ದೇ ವ್ಯರ್ಥ ಎಂದಳು.

"ಯಾರಿಗಿ ಅಕ್ಕಾ?" ನಜಮುನ್ನಿಸಾ ಕೇಳಿದಳು.

"ಮಗಳಿಗಿ." ಸೆರಗು ಸರಿಮಾಡಿಕೊಂಡು, "ಭೀಮಾ ಹೊಳಿ ಪಾಲಾದಳವ್ವ," ಎಂದಳು.

ನಜಮುನ್ನಿಸಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮೈಯಾದರೂ ಸಿಕ್ಕಿತೇ ಎಂದು ಮೆಲ್ಲಗೆ ಕೇಳಿದಳು.

"ಇಲ್ಲ. ಮಗ ಸೈದಪ್ಪ ಹುಡುಕಾಕತ್ತಾನ. ಉಣ್ಣಂಗಿಲ್ಲ, ಮಲಗಂಗಿಲ್ಲ. ಸಿಗೂತನಕ ಬಿಡಂಗಿಲ್ಲ ಅಂತಾನ."

"ಅಣ್ಣನ ಜೀವ ಹಂಗೇ ಇರ್ತದ್ರಿ."

"ಹೌದವ್ವ," ಎಂದಳು ಗಂಗುಬಾಯಿ. "ಹಂಗೇ ಇರ್ತದ."

ನಜಮುನ್ನಿಸಾ ಗಂಡನಿಗೆ ಎಲ್ಲ ತಿಳಿಸಿದಳು. ಮೈ ಸಿಗದ ಮಗಳ ಬದಲು ಮಣ್ಣು ಮಾಡಲು ಏನಾದರೊಂದು ಬೇಕಲ್ಲ ಎಂದು ಅವನಿಗೆ ಅವಳೇ ವಿವರಿಸಿದಳು. ಗಂಗುಬಾಯಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹುಸೇನಸಾಬ ಬೇರೆ ಯಾರಿಗೋ ಹೊಲಿಯುತ್ತಿದ್ದ ಪಟ್ಟಿಯನ್ನು ಬಿಚ್ಚಿ, ಹೊಸದಾಗಿ ಮಣಿ ಪೋಣಿಸಲು ಕೂತ.

ಇಡೀ ಮಧ್ಯಾಹ್ನ ಗಂಗುಬಾಯಿ ಅವನೆದುರು ಕದಲದೆ ಕೂತಿದ್ದಳು. ಕಪ್ಪು ಮಣಿಯ ಪಕ್ಕ ಹಳದಿ ಬಂದಾಗ ತಡೆದು, ಅಲ್ಲಿ ಕೆಂಪು ಬರಬೇಕು ಎಂದಳು. ಓಣಿಯಲ್ಲಿ ಯಾರಾದರೂ ಕನ್ನಡ ಮಾತಾಡಿಕೊಂಡು ಹೋದರೆ ಸೆರಗು ಮುಂದಕ್ಕೆ ಎಳೆದುಕೊಂಡು ಗೋಡೆಗೆ ಮುಖ ಮಾಡುತ್ತಿದ್ದಳು. ಮಗಳನ್ನು ಕಳೆದುಕೊಂಡವಳಿಗೆ ಊರವರ ಮುಖ ನೋಡುವುದೂ ಕಷ್ಟ ಎಂದುಕೊಂಡಳು ನಜಮುನ್ನಿಸಾ.

ಜೋಡು ಸಿದ್ಧವಾದಾಗ ಗಂಗುಬಾಯಿ ಎತ್ತಿ ನೋಡಿದಳು. ಮತ್ತೆ ಅವನ ಮುಂದಿಟ್ಟಳು.

"ಹೊಸಾದು ಕಾಣ್ತದ. ಇದು ನಡಿಯಂಗಿಲ್ಲ. ತುಳದ ಹಾಂಗ ಇರಬೇಕು. ಎಡಗಾಲಿನ ಹಿಮ್ಮಡ ಹೆಚ್ಚು ಸವದಿರಬೇಕು. ಅಕಿ ನಡಿಗಿ ಹಂಗ."

ಹುಸೇನಸಾಬ ಕಲ್ಲಿಗೆ ಹಚ್ಚಿ ಅಟ್ಟೆ ಉಜ್ಜಿದ. ಎಣ್ಣೆ, ಬೂದಿ ಸವರಿ ಪಟ್ಟಿಯ ಹೊಳಪು ಕಳೆದ. ಮಣಿಯೊಂದನ್ನು ತಾನೇ ಕಿತ್ತು ಹಾಕಿದ. ಅವಳು ಸೆರಗಿನ ಗಂಟು ಬಿಚ್ಚಿದಾಗ ಕೈ ಅಡ್ಡ ಹಿಡಿದ. ಸತ್ತವರ ಕೆಲಸಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲವಂತೆ ಎಂದು ನಜಮುನ್ನಿಸಾ ಹೇಳಿದಳು. ಗಂಗುಬಾಯಿ ತಲೆ ಎತ್ತದೆ, ದುಡ್ಡನ್ನು ತೊಗಲಿನ ಚೂರುಗಳ ಕೆಳಗೆ ಇಟ್ಟಳು. ಆ ರಾತ್ರಿ ಅವರ ಮನೆಯಲ್ಲೇ ಉಳಿದು, ಬೆಳಗಿನ ಬಸ್ಸು ಹಿಡಿದಳು.

ಮನೆಯಲ್ಲಿ ಅವಳು ಜೇವರ್ಗಿಯ ತಂಗಿಯ ಹತ್ತಿರ ಹೋಗಿದ್ದಾಳೆಂದೇ ನಂಬಿದ್ದರು.

ಅವಳು ಊರಿಗೆ ಮರಳಿದ ಮರುದಿನ ಮುಂಜಾನೆ, ಮೀನು ಹಿಡಿಯುವವರು ಭೀಮಾ ದಂಡೆಯ ಬಂಡೆಯ ಮೇಲೆ ಒಂದು ಚಪ್ಪಲಿ ಕಂಡರು. ಇನ್ನೊಂದು ಕೆಸರಿನಲ್ಲಿ ಹೂತಿತ್ತು. ಜಾಲಿಯ ಮುಳ್ಳಿಗೆ ಸುಮಿತ್ರಾಳ ಹಸಿರು ಸೀರೆಯ ಚೂರು ಸಿಕ್ಕಿಕೊಂಡಿತ್ತು. ಊರೆಲ್ಲ ದಂಡೆಗೆ ಓಡಿತು. ಯಾರೂ ಅನುಮಾನಿಸಲಿಲ್ಲ, ಆ ಮಣಿ, ಆ ಕವಡೆ, ಆ ಸವೆದ ಹಿಮ್ಮಡ ಎಲ್ಲರಿಗೂ ಗೊತ್ತಿದ್ದವು.

ಸೈದಪ್ಪ ಕೆಸರಿಗಿಳಿದು ಚಪ್ಪಲಿ ಎತ್ತಿದ. ತುಂಬ ಹೊತ್ತು ಅದನ್ನು ನೋಡಿದ. ಅವನ ಕಾಕಾ ದೌಲತರಾಯ ನೀರಿಗೆ ಬಲೆ ಹಾಕಿಸೋಣವೇ ಎಂದು ಕೇಳಿದ.

"ಬ್ಯಾಡ ಕಾಕಾ. ರೈಲ್ ಟೇಶನದಾಗ ನಿಂದ್ರಿಸಿದ ಮಂದಿನ್ನ ಹೊಳ್ಳಿ ಕರೀರಿ," ಎಂದ ಸೈದಪ್ಪ. "ಸತ್ತಾಕಿನ್ನ ಏನ್ ಕಡಿಯೂದು?"

ವಾರದಿಂದ ಹೆಗಲಿನಿಂದ ಇಳಿಸದಿದ್ದ ಕೊಡಲಿಯನ್ನು ಅವನು ಮರಳಿಗೆ ಎಸೆದ. ಆಗ ಗಂಗುಬಾಯಿ ಬಂಡೆಗೆ ತಲೆ ಚಚ್ಚಿಕೊಂಡು ಅಳತೊಡಗಿದಳು. ಹೆಂಗಸರು ಹಿಡಿದರೂ ನಿಲ್ಲಲಿಲ್ಲ.

ಆ ಅಳು ನಟನೆಯಾಗಿರಲಿಲ್ಲ. ಬೇರೆ ಜಾತಿಯ ಮಾಸ್ತರನನ್ನು ಕಟ್ಟಿಕೊಂಡ ಮಗಳನ್ನು ತಾನೇ ಗುಲಬರ್ಗಾದಲ್ಲಿ ಅವನ ಜೊತೆ ಮುಂಬಯಿ ರೈಲು ಹತ್ತಿಸಿ ಬಂದ ತಾಯಿ ಅವಳು. ಬದುಕಿರುವ ಆ ಮಗಳ ಮುಖವನ್ನು ಇನ್ನೆಂದೂ ನೋಡುವಂತಿರಲಿಲ್ಲ.