ಜೋಗುಳ ಮಾರುವವನು

ಅವನು ಬಂದೇ ಬಿಟ್ಟ. ಬಸ್ ನಿಲ್ದಾಣದ ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಒಂದೊಂದೇ ಮೇಜನ್ನು ನೋಡಿದ. ಹಸಿರು ಶಾಲು ಹೊದ್ದವಳನ್ನು ಕಂಡು ನೇರ ಅವಳತ್ತ ನಡೆದ. ಮಗನನ್ನು ಕೊಂದವನು ದಾಂಡಿಗನಾಗಿರುತ್ತಾನೆ ಎಂದುಕೊಂಡಿದ್ದಳು ಅವಳು. ಇವನೋ, ಇಸ್ತ್ರಿಯಿಲ್ಲದ ಅಂಗಿ ತೊಟ್ಟು ಹೆಗಲಿಗೆ ಚೀಲ ಹಾಕಿಕೊಂಡ ನಡುವಯಸ್ಸಿನ ಸಾಧಾರಣ ಆಸಾಮಿ.

"ದೊಡ್ಡಮ್ಮ?" ಎಂದ.

"ಹೌದು. ಕೂತ್ಕೊಳ್ಳಿ."

ಪಕ್ಕದ ಮೇಜಿನಲ್ಲಿ ಪತ್ರಿಕೆ ಹಿಡಿದು ಕೂತಿದ್ದವನು ಮಫ್ತಿಯಲ್ಲಿದ್ದ ಇನ್‌ಸ್ಪೆಕ್ಟರ್. ಗಲ್ಲಾದ ಬಳಿ ಚಹಾ ಹೀರುತ್ತಿದ್ದವನು ಅವಳ ತಮ್ಮ. ಅವಳು ಕನ್ನಡಕ ತೆಗೆದರೆ ಇಬ್ಬರೂ ಎದ್ದು ಬರುತ್ತಾರೆ. ಆದರೆ ಅದಕ್ಕೆ ಮುಂಚೆ ಜೋಗುಳದ ಹೆಸರು ಅವನ ಬಾಯಿಂದಲೇ ಬರಬೇಕು ಎಂದು ಇನ್‌ಸ್ಪೆಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದ.

ಜೋಗುಳ ಎಂಬುದು ಒಬ್ಬ ವ್ಯಾಪಾರಿಯ ಅಡ್ಡಹೆಸರು. ಡಾರ್ಕ್ ವೆಬ್ ಎಂಬ ಗುಪ್ತ ಅಂತರ್ಜಾಲದ ಸಂತೆಯಲ್ಲಿ ನಿದ್ದೆಮಾತ್ರೆ ಮಾರುತ್ತಾನೆ. ಅಲ್ಲಿ ಯಾರಿಗೂ ಮುಖವಿಲ್ಲ, ವಿಳಾಸವಿಲ್ಲ. ಮಾಲು ಕೈಸೇರುವವರೆಗೆ ದುಡ್ಡು ಸಂತೆ ನಡೆಸುವವರ ಹತ್ತಿರವೇ ಇರುತ್ತದೆ. ಮುಖವಿಲ್ಲದವನನ್ನು ನಂಬುವುದು ಹೇಗೆ? ಹಿಂದೆ ಕೊಂಡವರು ಬರೆದ ನಾಲ್ಕು ಮಾತು, ಕೊಟ್ಟ ನಕ್ಷತ್ರ, ಅಷ್ಟೇ. ಪರೀಕ್ಷೆಯ ಭಯಕ್ಕೆ ನಿದ್ದೆಗೆಟ್ಟಿದ್ದ ಅವಳ ಮಗ ಅದನ್ನೇ ನಂಬಿದ. ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯವರು ಕೊಡದ ಮಾತ್ರೆ ಅಂಚೆಯಲ್ಲಿ ಮನೆಗೇ ಬಂತು. ಒಳಗಿದ್ದದ್ದು ನಿದ್ದೆಯ ಮದ್ದಲ್ಲ, ಬೇರೇನೋ ವಿಷ. ಬೆಳಿಗ್ಗೆ ಅವಳು ಕಾಫಿ ಲೋಟ ಹಿಡಿದು ಕೂಗಿದಳು, ಬೈದಳು, ಹೊದಿಕೆ ಎಳೆದಳು. ಅವನು ಏಳಲಿಲ್ಲ.

"ಆ ಸಂತೆಗೆ ಬಾಗಿಲಿಲ್ಲ, ಬೀದಿಯಿಲ್ಲ. ಎಲ್ಲಿಗೆ ಅಂತ ಹೋಗಿ ಹಿಡೀಲಮ್ಮ?" ಎಂದು ಪೊಲೀಸರು ಕೈಚೆಲ್ಲಿದಾಗ ದಾರಿ ತೋರಿಸಿದ್ದು ಮೊಬೈಲ್ ರಿಪೇರಿ ಮಾಡುವ ತಮ್ಮ.

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಅಕ್ಕಾ. ಗಿರಾಕಿ ವೇಷ ಹಾಕು. ಹೊಗಳಿ ಹೊಗಳಿ ಅಟ್ಟಕ್ಕೇರಿಸು. ನಮ್ಮೂರಿನ ವ್ಯಾಪಾರ ನಾನೇ ನೋಡ್ಕೋತೀನಿ ಅನ್ನು. ಬಿಲದಿಂದ ತಾನಾಗೇ ಹೊರಗೆ ಬರ್ತಾನೆ."

ದೊಡ್ಡಮ್ಮ ಎಂಬ ಹೆಸರೂ ಅವನದೇ ಆಯ್ಕೆ. ಅವಳು ಮಾತ್ರೆ ತರಿಸಿದಳು, ಬಂದದ್ದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು, ಸಂತೆಗೆ ಹೋಗಿ ಹೊಗಳಿ ಬರೆದಳು. ಕನ್ನಡಕದಂಗಡಿಯಲ್ಲಿ ದಿನವಿಡೀ ಗಿರಾಕಿಗಳನ್ನು ಒಪ್ಪಿಸುವ ನಾಲಿಗೆ ಅವಳದು. ಬರೆಯಲು ಕೂತರೆ ಜೇನು ಸುರಿಯುತ್ತಿತ್ತು. "ನೀನು ಬರ್ದಿದ್ದು ಓದಿದ್ರೆ ನನಗೇ ಎರಡು ನುಂಗೋಣ ಅನ್ಸುತ್ತೆ ಕಣಕ್ಕಾ" ಎಂದು ತಮ್ಮ ನಕ್ಕಿದ್ದ. ಅವಳಿಗೆ ನಗು ಬಂದಿರಲಿಲ್ಲ. ಪ್ರತಿ ಸಲ ಬರೆದು ಮುಗಿಸಿದ ಮೇಲೂ ಬಚ್ಚಲಿಗೆ ಹೋಗಿ ಕೈ ತೊಳೆಯುತ್ತಿದ್ದಳು.

ತಿಂಗಳುಗಟ್ಟಲೆ ಜೋಗುಳ ತುಟಿಪಿಟಕ್ಕೆನ್ನಲಿಲ್ಲ. ಕೊನೆಗೆ ಕಳೆದ ವಾರ, ಗೊತ್ತಿಲ್ಲದ ಹೆಸರಿನಿಂದ ಒಂದು ಸಂದೇಶ: ನೀವು ಬರೆದಿದ್ದು ಓದಿದೆ, ನಿಮ್ಮನ್ನು ಮುಖತಃ ನೋಡಬೇಕು, ಎಲ್ಲಿಗೆ ಬೇಕಾದರೂ ಬರುತ್ತೇನೆ. ಇಂಥ ಖದೀಮರು ಸಂತೆಯ ಹೆಸರಿನಲ್ಲಿ ಎಂದೂ ಹೊರಗೆ ಬರುವುದಿಲ್ಲ, ಇವನೇ ಜೋಗುಳ ಎಂದ ಇನ್‌ಸ್ಪೆಕ್ಟರ್, ಈ ಸಲ ತಾನೂ ಜೊತೆಗೆ ಹೊರಟ.

ಗಾಳ ಕಚ್ಚಿದ ಮೀನು ಈಗ ಎದುರಿಗೇ ಕೂತಿತ್ತು. ಅವನ ಕನ್ನಡಕದ ಒಂದು ಕಡ್ಡಿ ಸೊಟ್ಟಗಾಗಿದ್ದನ್ನು ಅವಳು ನೋಡಿದ ಕೂಡಲೇ ಗುರುತಿಸಿದಳು. ಕನ್ನಡಕ ತೆಗೆಯದೆ ಹಾಸಿಗೆಯಲ್ಲಿ ಹೊರಳಾಡುವವರದು ಹಾಗಾಗುತ್ತದೆ. ಈಚೆಗೆ ಅವಳದೂ ಹಾಗೇ ಆಗಿತ್ತು. ಕೊಲೆಗಡುಕನಿಗೂ ನಿದ್ದೆಯಿಲ್ಲವಲ್ಲ ಎಂದು ಅವಳಿಗೆ ಖುಷಿಯಾಯಿತು.

"ಅದೆಲ್ಲಾ ನೀವೇ ಬರೆದಿದ್ದಾ?" ಅವನು ಕೇಳಿದ.

"ನಾನೇ. ಒಂದೊಂದು ಅಕ್ಷರಾನೂ."

"ಯಾರೂ ಹೇಳಿ ಬರೆಸಲಿಲ್ವಾ?"

"ಇಲ್ಲ. ಮಾಲು ಹಾಗಿತ್ತು, ಬರೆದೆ."

ಅವನು ತಲೆಯಾಡಿಸಿದ. ಮುಂದಿಟ್ಟ ಚಹಾ ಮುಟ್ಟಲಿಲ್ಲ. "ಚೆನ್ನಾಗಿ ಬರೀತೀರಿ. 'ತಾಯಿ ಮಡಿಲಲ್ಲಿ ಮಲಗಿದ ಹಾಗಿತ್ತು' ಅಂತ. ನನಗೆ ಬಾಯಿಪಾಠ ಆಗ್ಬಿಟ್ಟಿದೆ."

"ಓದಿದವರು ಕೊಂಡಿರ್ಬೇಕಲ್ಲ?"

"ಕೊಂಡಿದ್ದಾರೆ." ಅವನು ಅವಳ ಮುಖವನ್ನೇ ನೋಡುತ್ತಿದ್ದ. "ನಿಮಗೆ ಮಕ್ಕಳಿದ್ದಾರಾ?"

ಎಷ್ಟು ಸೊಕ್ಕು ಇವನಿಗೆ! ಕುಡಿಯುವ ನೀರಿನ ಲೋಟವನ್ನೇ ಅವನ ಮುಖಕ್ಕೆ ಎಸೆಯಬೇಕೆನ್ನಿಸಿತು. ಹಲ್ಲು ಕಚ್ಚಿ ನಗು ತಂದುಕೊಂಡಳು.

"ಒಬ್ಬ ಮಗ. ಆ ಮಾತ್ರೆ ಮೊದಲು ತಗೊಂಡವನೇ ಅವನು."

"ಮಗನಿಗೂನಾ?" ಅವನ ಮುಖ ಬಿಳಿಚಿತು. "ಹೆತ್ತ ಮಗನಿಗೂನಾ?"

"ಯಾಕೆ, ತಗೋಬಾರದಿತ್ತಾ? ಅದರೊಳಗೆ ಏನಿದೆ ಅಂತ ನಿಮಗೆ ಗೊತ್ತಿರೋ ಹಾಗಿದೆ."

"ಗೊತ್ತು" ಎಂದ ಅವನು. "ಜೋಗುಳದ ಮಾತ್ರೆಯೊಳಗೆ ಏನಿದೆ ಅಂತ ನನಗೆ ಚೆನ್ನಾಗಿ ಗೊತ್ತು."

ಅವಳು ಕನ್ನಡಕ ತೆಗೆದಳು.

ಕುರ್ಚಿಗಳು ಸರಿದವು. ತಮ್ಮ ಹಿಂದಿನಿಂದ ಬಂದು ಅವನ ಎರಡೂ ತೋಳು ಹಿಡಿದ. "ಪೊಲೀಸ್. ಅಲ್ಲಾಡಬೇಡ" ಎಂದು ಇನ್‌ಸ್ಪೆಕ್ಟರ್ ಚೀಲ ಕಿತ್ತುಕೊಂಡ. ಚಹಾ ಚೆಲ್ಲಿ ಮೇಜಿನ ಅಂಚಿನಿಂದ ಅವಳ ಸೆರಗಿನ ಮೇಲೆ ತೊಟ್ಟಿಕ್ಕಿತು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಮಗ ಹೋದ ಮೇಲೆ ಮೊದಲ ಸಲ ಎದೆ ಹಗುರಾಗಿತ್ತು. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅಳಬೇಕೆನ್ನಿಸಿತು.

ವಿಚಿತ್ರವೆಂದರೆ ಅವನು ಕೊಸರಾಡಲಿಲ್ಲ. ಪೊಲೀಸ್ ಎಂಬ ಮಾತು ಕೇಳಿದ್ದೇ ಮುಖದಲ್ಲಿ ಕಳೆ ಬಂತು.

"ಅಂತೂ ಬಂದ್ರಲ್ಲ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ" ಎಂದ, ಕಣ್ಣಿನಿಂದ ಅವಳತ್ತ ತೋರಿಸುತ್ತಾ. "ಬಿಡಬೇಡಿ ಈಕೇನ. ಈಕೆ ಬರೆದಿದ್ದನ್ನ ನಂಬೇ ನನ್ನ ಮಗಳು ಆ ಮಾತ್ರೆ ನುಂಗಿ ಸತ್ತಿದ್ದು."